ಪೊರೆ ಹಣ್ಣಾಗಲೆಂದು ಕಾದವರು

ಶಿಗ್ಗಾಂವದಲ್ಲಿ ನನ್ನ ಮೊದಲ ಬೆಳಗು ಏಟಿನ ಸದ್ದಿನಿಂದ ಶುರುವಾಯಿತು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಗೋಡೆಯಾಚೆ ಯಾರೋ ಯಾರನ್ನೋ ಅಂಗೈಯಿಂದ ಬಡಿಯುತ್ತಿದ್ದರು. ಒಂದೇ ಸಮನೆ, ಉಸಿರು ಎಳೆದುಕೊಳ್ಳಲೂ ಬಿಡದ ಹಾಗೆ. ಹೊಡೆಸಿಕೊಳ್ಳುತ್ತಿದ್ದವರ ದನಿ ಮಾತ್ರ ಕೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಸೆರಗು ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಆಚೆ ಓಡಿದೆ.

ಒಲೆಯ ಮುಂದೆ ಇಬ್ಬರು ಹೆಂಗಸರು ಕುಳಿತು ಜೋಳದ ರೊಟ್ಟಿ ತಟ್ಟುತ್ತಿದ್ದರು. ಹಿಟ್ಟಿನ ಮೇಲೆ ಬೀಳುತ್ತಿದ್ದ ಅಂಗೈಗಳ ಸದ್ದು ಅದು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ನನ್ನನ್ನು ಕಂಡು ಅವರಲ್ಲಿ ಹಿರಿಯರು ಕೈ ನಿಲ್ಲಿಸಿದರು.

“ಯಾಕ್ರಿ ಮೇಡಂ, ಕೆಟ್ಟ ಕನಸ ಬಿತ್ತೇನು? ಬರ್ರಿ, ಕುಂದರ್ರಿ. ಬಿಸಿ ರೊಟ್ಟಿ ತಿನ್ರಿ.”

ಅವರೇ ಗೌರಕ್ಕ. ನನ್ನ ಬಾಡಿಗೆ ಕೋಣೆಯ ಒಡತಿ. ತಮ್ಮ ಮನೆಯ ಮುಂಭಾಗದಲ್ಲೇ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದರು. ಖಾನಾವಳಿ ಎಂದರೆ ನಮ್ಮ ಕಡೆಯ ಮೆಸ್ಸು ಎಂದುಕೊಳ್ಳಿ. ಆದರೆ ಇಲ್ಲಿ ಬಡಿಸುವವರು ನೀವು ಸಾಕೆಂದರೂ ಒಂದು ಸಲಕ್ಕೆ ಒಪ್ಪುವುದಿಲ್ಲ. ಇನ್ನೊಬ್ಬರು ಹಸೀನಾಬಿ. ಸವಣೂರಿನ ಹೆಣ್ಣುಮಗಳು, ಮದುವೆಯಾಗಿ ಶಿಗ್ಗಾಂವಕ್ಕೆ ಬಂದವರು, ಬೆಳಗಿನ ರೊಟ್ಟಿಗೆ ಗೌರಕ್ಕನ ಜೊತೆಗಾರ್ತಿ.

ಕೊಳ್ಳೇಗಾಲದಿಂದ ಹೊರಡುವಾಗ ಅಣ್ಣ, ಅತ್ತಿಗೆ, ಬೀದಿಯವರು ಎಲ್ಲರೂ ನನಗೆ ಒಂದೇ ಮಾತು ಹೇಳಿ ಕಳಿಸಿದ್ದರು. ಆ ಕಡೆಯವರು ಒರಟು ಜನ, ಜೋಪಾನ. ಆ ಮಾತು ತಲೆಯಲ್ಲಿಲ್ಲದಿದ್ದರೆ ರೊಟ್ಟಿಯ ಸದ್ದು ನನಗೆ ಏಟಿನ ಸದ್ದಾಗಿ ಕೇಳುತ್ತಿತ್ತೇ? ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುವವಳು. ಮನಸ್ಸು ಮೊದಲೇ ಒಂದು ಕಡೆ ವಾಲಿಕೊಂಡು ಕಿವಿಗೂ ಕಣ್ಣಿಗೂ ತನಗೆ ಬೇಕಾದ್ದನ್ನೇ ಉಣಿಸುತ್ತದೆ ಎಂಬುದು ನನ್ನ ಪಾಠದಲ್ಲೇ ಇದೆ. ಆ ಬೆಳಗ್ಗೆ ಅದು ನಗುವಿನ ವಿಷಯವಾಗಿತ್ತು. ನಕ್ಕೆವು. ಅದೇ ವಾಲಿಕೆ ಮುಂದೆ ನಮ್ಮ ನಡುವೆ ಬಂದು ಕೂತು ಏನು ಮಾಡಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿರುವ ನಿಮಗೆ ಒಂದು ವಿಷಯ ನಂಬಲು ಕಷ್ಟವಾದೀತು. ಭಾಷೆ ಒಂದೇ ಆದಾಗ ಪರಕೀಯತೆ ಇನ್ನೂ ಹೆಚ್ಚು. ತಮಿಳುನಾಡಿಗೋ ಆಂಧ್ರಕ್ಕೋ ಹೋಗಿದ್ದರೆ ಅರ್ಥವಾಗಲಿಲ್ಲ ಎಂದು ಧೈರ್ಯವಾಗಿ ಹೇಳಬಹುದಿತ್ತು. ಇಲ್ಲಿ ಕನ್ನಡದಲ್ಲೇ ನಾನು ಮೂಗಿಯಾದೆ. ವಿದ್ಯಾರ್ಥಿಯೊಬ್ಬಳು “ನಾಳೆ ಸೂಟಿ ಏನ್ರಿ ಮೇಡಂ?” ಎಂದು ಕೇಳಿದಾಗ ಯಾವ ಬಟ್ಟೆಯ ವಿಷಯವೋ ಎಂದು ಯೋಚಿಸುತ್ತ ನಿಂತಿದ್ದೆ. ಸೂಟಿ ಎಂದರೆ ರಜೆ. ಸಂಬಳ ಇಲ್ಲಿ ಪಗಾರ, ಆಸ್ಪತ್ರೆ ದವಾಖಾನಿ, ಬೆಲೆ ಜಾಸ್ತಿಯಾದರೆ ತುಟ್ಟಿ. ನಾನು ಯಾರಿಗಾದರೂ “ಬನ್ನಿ” ಎಂದರೆ ಮುಖ ನೋಡುತ್ತಿದ್ದರು. ಮರ್ಯಾದೆ ಇರುವುದು “ರಿ” ಎಂಬ ಒಂದಕ್ಷರದಲ್ಲಿ. ಅದು ಬಿಟ್ಟುಹೋದರೆ ನಾನು ಎಷ್ಟು ನಯವಾಗಿ ಮಾತನಾಡಿದರೂ ಒರಟೇ. ಆ ಕಡೆಯವರು ಒರಟು ಎಂದು ನಮ್ಮವರು ಹೇಳಿದ ಮಾತನ್ನು ಇಲ್ಲಿಯವರು ನನ್ನ ಬೆನ್ನ ಹಿಂದೆ ನಮ್ಮ ಬಗ್ಗೆ ಹೇಳುತ್ತಿದ್ದರಂತೆ. ಅದನ್ನೂ ಗೌರಕ್ಕನೇ ಹೇಳಿದ್ದು, ನಗುನಗುತ್ತ.

ಊಟದ್ದು ಬೇರೆ ಕಥೆ. ಮುದ್ದೆಯನ್ನು ನುಂಗಿ ಬೆಳೆದ ಗಂಟಲಿಗೆ ಅಗಿಯುವ ಅಭ್ಯಾಸವೇ ಇಲ್ಲ. ಮೊದಮೊದಲು ದವಡೆ ನೋವು ಬರುತ್ತಿತ್ತು. ಗುರೆಳ್ಳು (ನಮ್ಮ ಹುಚ್ಚೆಳ್ಳು) ಪುಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ (ನಮ್ಮ ಈರುಳ್ಳಿ), ಇಷ್ಟರ ಎದುರು ಕಣ್ಣೀರು ಸುರಿಸುತ್ತ ಕೂತರೆ ಗೌರಕ್ಕ ಒಂದು ಬಟ್ಟಲು ಮೊಸರು ತಂದಿಟ್ಟು ಎದುರಿಗೇ ಕೂರುತ್ತಿದ್ದರು. ಒಂಟಿತನ ಜಾಸ್ತಿಯಾಗುತ್ತಿದ್ದದ್ದು ಭಾನುವಾರ. ಅಂದು ಖಾನಾವಳಿಗೆ ಬರುವ ಮೇಷ್ಟರುಗಳೂ ಕಂಡಕ್ಟರುಗಳೂ ಅವರವರ ಊರಿಗೆ ಹೋಗಿರುತ್ತಿದ್ದರು. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಮಾತ್ರ. ಮದುವೆಯಾಗದ, ತಾಯಿ ತೀರಿಕೊಂಡ, ಮೂವತ್ತು ದಾಟಿದ ಹೆಣ್ಣಿಗೆ ಭಾನುವಾರ ಎಷ್ಟು ಉದ್ದವಿರುತ್ತದೆ ಎಂದು ಗೌರಕ್ಕನಿಗೆ ನಾನು ಹೇಳಬೇಕಾಗಲಿಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿದ್ದ, ಮಕ್ಕಳಿಲ್ಲದ ಹೆಂಗಸು ಅವರು. ಭಾನುವಾರ ಬಂತೆಂದರೆ ಏನಾದರೊಂದು ನೆಪ ಮಾಡಿ ನನ್ನನ್ನು ಹೊರಡಿಸುತ್ತಿದ್ದರು. ಒಮ್ಮೆ ಹಾನಗಲ್ಲಿಗೆ ಅಕ್ಕಿ ತರಲು, ಒಮ್ಮೆ ಅಬಲೂರಿನಲ್ಲಿದ್ದ ಅಕ್ಕನ ಮನೆಗೆ.

ಹಾನಗಲ್ಲಿನ ಅಕ್ಕಿಯ ವಿಷಯದಲ್ಲೇ ಅವರ ಸ್ವಭಾವ ನನಗೆ ಮೊದಲು ತಿಳಿದದ್ದು. ಮಾರುಕಟ್ಟೆಯ ಸಾಲಿನಲ್ಲಿ ಅಂಗಡಿಗಳಿಗೆ ಬರವಿಲ್ಲ. ಆದರೆ ಅವರು ಕಾಲಿಡುತ್ತಿದ್ದದ್ದು ಒಂದೇ ಅಂಗಡಿಗೆ. ಖಾನಾವಳಿ ಶುರು ಮಾಡಿದ ಹೊಸದರಲ್ಲಿ ಆ ಅಂಗಡಿಯವನು ಕೊಟ್ಟ ಅಕ್ಕಿ ಮಲ್ಲಿಗೆಯ ಹಾಗೆ ಅರಳಿತ್ತಂತೆ. ಈಗ ಬರುತ್ತಿದ್ದದ್ದರಲ್ಲಿ ನುಚ್ಚು ಹೆಚ್ಚು, ಹಸೀನಾಬಿ ಆರಿಸಿ ಆರಿಸಿ ಸೋಲುತ್ತಿದ್ದರು. ಬೇರೆ ಅಂಗಡಿ ನೋಡೋಣ ಎಂದರೆ ಗೌರಕ್ಕ ಮಳೆಯನ್ನು ದೂರುತ್ತಿದ್ದರು, ಗಿರಣಿಯನ್ನು ದೂರುತ್ತಿದ್ದರು, ಮೊದಲ ಅನ್ನದ ನೆನಪನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಅವರು ದಡ್ಡರಲ್ಲ. ಯಾರನ್ನಾದರೂ ಒಮ್ಮೆ ನಂಬಿದರೆ ನಂಬಿಕೆಗೆ ವಿರುದ್ಧವಾದದ್ದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ. ನನ್ನನ್ನೂ ಹಾಗೇ ನಂಬಿದ್ದರು. ಅದರ ಸುಖವನ್ನು ನಾನು ಉಂಡಿದ್ದೇನೆ, ಆದ್ದರಿಂದ ಅದನ್ನು ದೋಷ ಎಂದು ಕರೆಯಲು ಈಗಲೂ ಬಾಯಿ ಬರುವುದಿಲ್ಲ.

ಅವರ ಅಕ್ಕ ಕಾಶವ್ವ ಹಿರೇಕೆರೂರು ತಾಲ್ಲೂಕಿನ ಅಬಲೂರಿನವರು. ಮಳೆ ನಂಬಿ ಬೆಳೆ ತೆಗೆಯುವ ಊರು ಅದು. ಹಳೆಯ ಗುಡಿ ಇದೆ, ಕಲ್ಲಿನ ಶಾಸನಗಳಿವೆ. ಮೊದಲ ಸಲ ಹೋದಾಗ ಕಾಶವ್ವ ನನ್ನನ್ನು ಗುಡಿಗೆ ಕರೆದುಕೊಂಡು ಹೋಗಿ, ಕಲ್ಲಿನ ಮೇಲೆ ಅಂಗೈಯಗಲದ ಒಂದು ಹಕ್ಕಿಯ ಕೆತ್ತನೆ ತೋರಿಸಿ, ಅದರ ಗರಿಗಳನ್ನು ಬೆರಳಿಟ್ಟು ಬಿಡಿಸಿ ಹೇಳಿದ್ದರು. ಒಂದು ಕಾಲಕ್ಕೆ ಈ ಗುಡಿಯ ಬಾಗಿಲೇ ತನಗೆ ಕಾಣುತ್ತಿರಲಿಲ್ಲ ಎಂದರು. ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಪೂರಾ ಹಣ್ಣಾಗುವ ತನಕ ಕಾದು, ಆಮೇಲೆ ತೆಗೆಸಿದರು. ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಪಕ್ಕದಲ್ಲಿ ಕೂತಿದ್ದ ತಂಗಿಯ ಮುಖವಂತೆ. ಅಕ್ಕ ತನ್ನ ಮುಖ ನೋಡಿ, “ಏ ಗೌರಿ, ಎಷ್ಟ್ ಕೂದ್ಲಾ ಬೆಳ್ಳಗಾಗ್ಯಾವ ನಿನ್ನವು” ಎಂದದ್ದನ್ನು ಗೌರಕ್ಕ ಖಾನಾವಳಿಗೆ ಬಂದ ಹೊಸಬರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಪ್ರತಿ ಸಲವೂ ಅವರ ಕಣ್ಣು ತುಂಬುತ್ತಿತ್ತು.

ಆದ್ದರಿಂದ ತನ್ನ ಕಣ್ಣೂ ಮಂಜಾಗತೊಡಗಿದಾಗ ಗೌರಕ್ಕ ಹೆದರಲಿಲ್ಲ. ಏನಾಗುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಅಕ್ಕನಿಗೆ ಆದದ್ದೇ ತಂಗಿಗೂ ಆಗುತ್ತಿದೆ. ಹಣ್ಣಾಗಲಿ, ತೆಗೆಸಿದರಾಯಿತು. ಕಾಶವ್ವನೂ ಫೋನಿನಲ್ಲಿ ಅದನ್ನೇ ಹೇಳಿದರು. ಅವಸರ ಮಾಡಿ ಎಳೆಯದನ್ನು ತೆಗೆಸಿದರೆ ಕಣ್ಣು ಕೆಡುತ್ತದೆ, ನಾನು ಕಾದದ್ದಕ್ಕೇ ನನಗೆ ಇಷ್ಟು ಚಂದ ಬಂತು ಎಂದು. ಅನುಭವಿಸಿ ಬಂದವರ ಮಾತು. ಅದರ ಮುಂದೆ ಇನ್ನಾವ ಮಾತಿಗೆ ತೂಕವಿದೆ?

ಅಂಥ ದಿನಗಳಲ್ಲೇ ಹಸೀನಾಬಿ ತವರಿಂದ ಸುದ್ದಿ ತಂದರು. ಸವಣೂರಿನ ಶಾಲೆಯೊಂದರಲ್ಲಿ ಕಣ್ಣಿನ ತಪಾಸಣೆಯ ಶಿಬಿರ ಇದೆ ಎಂದು. ಹಣ್ಣಾಗಿದೆಯೋ ಇಲ್ಲವೋ ನೋಡಿಸಿಕೊಂಡು ಬರೋಣ ಎಂದು ಗೌರಕ್ಕ ಹೊರಟರು. ನಾನೂ ಹೋದೆ. ಶಾಲೆಯ ವರಾಂಡದ ತುಂಬ ಜನ. ಕನ್ನಡ, ಉರ್ದು, ಎರಡೂ ಕಲೆಸಿದ ಮಾತು. ವೈದ್ಯರು ಹುಡುಗಪ್ರಾಯದವರು, ಬೆಳಗಿನಿಂದ ಕೂತು ದಣಿದಿದ್ದರು. ಗೌರಕ್ಕನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಪೊರೆ ಶುರುವಾಗಿದೆ, ಇನ್ನೂ ಸಣ್ಣದು ಎಂದರು. ಮತ್ತೆ ಎರಡನೇ ಸಲ ನೋಡಿದರು. ನಾವು ಏಳುವಾಗ, “ಪ್ರೆಶರ್ ಒಂದು ನೋಡಿಸಿಬಿಡ್ರಿ, ತಡಾ ಮಾಡಬ್ಯಾಡ್ರಿ” ಎಂದರು. ಅಷ್ಟರಲ್ಲಿ ಮುಂದಿನವರು ಬಂದು ಕುರ್ಚಿಯಲ್ಲಿ ಕೂತಾಗಿತ್ತು.

ಆ ದಿನ ನಾವು ಹಬ್ಬಕ್ಕೆ ಹೋದವರ ಹಾಗೆ ಸವಣೂರು ಸುತ್ತಿದೆವು. ಅಲ್ಲಿ ಭಾರೀ ಕಾಂಡದ ಹಳೆಯ ಮರಗಳಿವೆ, ದೊಡ್ಡಹುಣಸೆ ಎನ್ನುತ್ತಾರೆ. ಆನೆಗಳು ಮೈಗೆ ಮೈ ತಾಗಿಸಿ ನಿಂತ ಹಾಗೆ. ಹಸೀನಾಬಿಯ ತವರಿನಲ್ಲಿ ಚಹಾ ಕುಡಿದೆವು, ಕಾಶವ್ವನಿಗೆಂದು ಎಳೆಯ ವೀಳ್ಯದೆಲೆ ಕೊಂಡೆವು, ಬಸ್ಸಿನಲ್ಲಿ ಕೂತು ಸವಣೂರಿನ ಖಾರ ಎಂಬ ಕುರುಕಲು ತಿಂದು ನೀರು ನೀರು ಎಂದೆವು. ಮರುದಿನ ಶಿಗ್ಗಾಂವದ ಒಂದು ದವಾಖಾನೆಗೆ ಹೋಗಿ ಪ್ರೆಶರ್ ನೋಡಿಸಿದೆವು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, “ಬರೋಬ್ಬರಿ ಐತ್ರಿ” ಎಂದರು. ಬರೋಬ್ಬರಿ ಎಂದರೆ ಸರಿಯಾಗಿದೆ. ಗೌರಕ್ಕ ಖುಷಿಯಿಂದ ಅಂದು ಹೋಳಿಗೆ ಮಾಡಿದರು.

ವೈದ್ಯರು ಹೇಳಿದ್ದು ಕಣ್ಣಿನೊಳಗಿನ ಒತ್ತಡದ ಮಾತು. ಪ್ರೆಶರ್ ಎಂದರೆ ಈ ಊರಿನಲ್ಲಾಗಲಿ, ನಮ್ಮ ಊರಿನಲ್ಲಾಗಲಿ, ಎಲ್ಲರಿಗೂ ರಕ್ತದೊತ್ತಡವೇ. ನನಗೂ ಅದೇ. ಯಾವ ಪ್ರೆಶರ್ ಎಂದು ಕೇಳುವ ಪ್ರಶ್ನೆಯೇ ಏಳಲಿಲ್ಲ. ಯಾಕೆಂದರೆ ಮೊದಲರ್ಧ ನಾವು ಕೇಳಲು ಹೋದ ಮಾತೇ ಆಗಿತ್ತು: ಪೊರೆ, ಇನ್ನೂ ಎಳೆಯದು. ಅದು ಸಿಕ್ಕಿದ ಮೇಲೆ ಉಳಿದರ್ಧವನ್ನು ಕೈಗೆ ಸಿಕ್ಕ ಅರ್ಥಕ್ಕೆ ಜೋಡಿಸಿ ಬದಿಗಿಟ್ಟೆವು.

ಆಮೇಲೆ ಎರಡು ಮೂರು ವರ್ಷ ನಡೆದದ್ದನ್ನು ಈಗ ಕೂತು ನೆನೆದರೆ ಪ್ರತಿಯೊಂದೂ ಸಾಕ್ಷಿಯಾಗಿ ಎದ್ದು ನಿಲ್ಲುತ್ತದೆ. ಆಗ ಯಾವುದೂ ನಿಂತಿರಲಿಲ್ಲ. ಬಡಿಸಲು ಹೋಗುವಾಗ ಅವರ ಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಮನೆ ಇಕ್ಕಟ್ಟು ಎಂದೆವು. ಪಕ್ಕದಲ್ಲಿ ನಿಂತವರನ್ನು ಬೆಚ್ಚಿಬಿದ್ದು ನೋಡಿ, ಬೆಕ್ಕಿನ ಹಾಗೆ ಬರುತ್ತೀರಿ ಎಂದು ಬೈಯುತ್ತಿದ್ದರು. ಅವರ ಬೈಗುಳ ಎಲ್ಲರಿಗೂ ಇಷ್ಟವಾಗಿತ್ತು, ನಕ್ಕೆವು. ಎಡಗಡೆ ಇಟ್ಟ ನೀರಿನ ಲೋಟ ಉರುಳುತ್ತಿತ್ತು, ವಯಸ್ಸು ಎಂದೆವು. ಎದುರಿಗೆ ಇಟ್ಟ ಜೋಳದಲ್ಲಿ ಹರಳು ಆರಿಸುವಾಗ ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ನೋಡಿ, ನನ್ನ ಕಣ್ಣು ಎಷ್ಟು ಚಲೋ ಇವೆ ಎಂದು ಹರಳನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸುತ್ತಿದ್ದರು. ಆ ಹರಳನ್ನು ನಾವು ನಂಬಿದೆವು, ಉರುಳಿದ ಲೋಟವನ್ನು ನಂಬಲಿಲ್ಲ.

ಅದೇ ವರ್ಷಗಳಲ್ಲಿ ನಾನು ಕಾಲೇಜಿನಲ್ಲಿ ಈ ಪಾಠ ಹೇಳುತ್ತಿದ್ದೆ. ಜನ ತಾವು ನಂಬಿದ್ದಕ್ಕೆ ಪುರಾವೆ ಕೂಡಿಸುತ್ತಾರೆ, ಒಲ್ಲದ್ದನ್ನು ಬಿಡುತ್ತಾರೆ. ಕಣ್ಣೆದುರು ನಡೆದ ಒಂದು ಘಟನೆಯನ್ನು ಲೋಕದ ನಿಯಮ ಎಂದು ತಿಳಿಯುತ್ತಾರೆ. ಹಾನಗಲ್ಲಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು, ಇದು ಗೊತ್ತಾದ ಮೇಲೆ ಮಂದಿ ಹಾಗೆ ಮಾಡುವುದಿಲ್ಲವೇ ಎಂದು ಕೇಳಿದಳು. ಗೊತ್ತಿದ್ದರೆ ಎಚ್ಚರ ಇರುತ್ತದೆ ಎಂದೆ. ತರಗತಿ ಮುಗಿಸಿ ಖಾನಾವಳಿಗೆ ಬಂದು, ಗೌರಕ್ಕ ತಟ್ಟೆಯ ಆಚೆಗೆ ಬಡಿಸಿದ ಅನ್ನವನ್ನು ಕೈಯಿಂದ ತಟ್ಟೆಗೆ ಎಳೆದುಕೊಂಡು ಉಂಡೆ.

ಗೊತ್ತಾದದ್ದು ಅಬಲೂರಿನಲ್ಲಿ, ಒಂದು ಸಂಜೆ, ಇನ್ನೂ ಬಿಸಿಲಿರುವಾಗ. ನಾವು ಮೂವರೂ ಹೊಲದ ಕಡೆಯಿಂದ ಮನೆಗೆ ಬರುತ್ತಿದ್ದೆವು. ನಾನು ಸ್ವಲ್ಪ ಹಿಂದೆ. ಅಕ್ಕತಂಗಿಯರು ಜೊತೆಜೊತೆಯಾಗಿ. ಕಾಶವ್ವ ಎಡಗಡೆ, ಮಾತಿಲ್ಲದೆ ನಡೆಯುತ್ತಿದ್ದರು. ಗೌರಕ್ಕ ನಿಂತರು. ಎದುರಿನ ದಾರಿಯನ್ನು ನೋಡಿದರು. ತಿರುಗಿ ನನ್ನನ್ನು ಕೇಳಿದರು:

“ಅಕ್ಕ ಎಲ್ಲಿ ಹೋದ್ಲ್ರೀ?”

ಕಾಶವ್ವ ಒಂದು ಮೊಳ ದೂರದಲ್ಲಿ, ಅವರ ಭುಜದ ಪಕ್ಕದಲ್ಲೇ ನಿಂತಿದ್ದರು. ಅವರು ಕೈ ಎತ್ತಿ ತಂಗಿಯ ಕಿವಿಯ ಬಳಿ ಆಡಿಸಿದರು. ಗೌರಕ್ಕ ತಿರುಗಲಿಲ್ಲ. ನಾನು ಓಡಿ ಹತ್ತಿರ ಬಂದೆ. ಆದರೆ ಕಾಶವ್ವನ ಮುಖ ಅರಳಿತು. ಇದನ್ನು ನಾನು ಮರೆಯಲಾರೆ.

“ಹಣ್ಣಾಗೇತಿ ಗೌರಿ,” ಎಂದರು ತಂಗಿಯ ಕೈ ಹಿಡಿದು. “ಇನ್ನ ತಡಾ ಯಾಕ, ತಗಸೂಣು.”

ಹಾಗೆ ನಾವು ಹುಬ್ಬಳ್ಳಿಗೆ ಹೊರಟದ್ದು ಸಂಭ್ರಮದಿಂದ. ಗೌರಕ್ಕ ಹಸೀನಾಬಿಗೆ ಖಾನಾವಳಿ ಒಪ್ಪಿಸಿ, ಪಟ್ಟಿ ಕಟ್ಟಿಕೊಂಡು ಮಲಗಲು ಬೇಕಾಗುವ ಸೀರೆ, ಹೊದೆಯಲು ಕೌದಿ, ತಿನ್ನಲು ಅವಲಕ್ಕಿ ಎಲ್ಲ ಕಟ್ಟಿಕೊಂಡಿದ್ದರು. ಕಾಶವ್ವನಿಗೆ ಮೈ ಹುಷಾರಿರಲಿಲ್ಲ, ಪಟ್ಟಿ ಬಿಚ್ಚುವ ದಿನ ಬಂದೇ ಬರುತ್ತೇನೆ ಎಂದಿದ್ದರು. ಈ ಸಲ ಮೊದಲು ಕಾಣಬೇಕಾದ ಮುಖ ತನ್ನದು ಎಂದು.

ವೈದ್ಯೆ ನಡುವಯಸ್ಸಿನವರು. ಕಣ್ಣಿನ ಒತ್ತಡ ಅಳೆದರು, ಒಂದು ಯಂತ್ರದೊಳಗೆ ಮುಖವಿಟ್ಟು ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಗೌರಕ್ಕ ಗುಂಡಿ ಹಿಡಿದು ಕೂತಿದ್ದರು. ಹೊರಗೆ ನಿಂತ ನನಗೆ ಗುಂಡಿಯ ಸದ್ದು ಬಹಳ ಅಪರೂಪಕ್ಕೆ ಕೇಳುತ್ತಿತ್ತು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ವೈದ್ಯೆ ನಿಧಾನವಾಗಿ ಹೇಳಿದರು. ಪೊರೆ ಇದೆ, ಅದು ದೊಡ್ಡ ವಿಷಯವಲ್ಲ. ಇದು ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ, ನೋಟ ಒಯ್ಯುವ ನರವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ನೋವಿರುವುದಿಲ್ಲ. ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ. ಬಲಗಣ್ಣಿಗೆ ಎದುರಿನದಷ್ಟೇ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ.

“ಆಪರೇಶನ್ ಯಾವಾಗ ಮಾಡ್ತೀರಿ?” ಎಂದರು ಗೌರಕ್ಕ. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ.

“ಹೋದ ನೋಟ ತಿರುಗಿ ಬರೂದಿಲ್ರಿ ಅಮ್ಮಾ. ಉಳದದ್ದನ್ನ ಕಾಯ್ಕೋಬೇಕು. ದಿನಾ ಹನಿ ಹಾಕ್ಕೊಳ್ರಿ, ಬಿಡಬ್ಯಾಡ್ರಿ.”

ವೈದ್ಯೆ ‘ಸ್ವಲ್ಪ ಮೊದಲು ಬಂದಿದ್ದರೆ’ ಎಂದು ಶುರು ಮಾಡಿ, ಗೌರಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು. ರಕ್ತ ಹಂಚಿಕೊಂಡು ಹುಟ್ಟಿದವರೂ ತೋರಿಸಿಕೊಳ್ಳಬೇಕು ಎಂದಷ್ಟೇ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಕೌದಿಯ ಗಂಟು ಅವರ ಮಡಿಲಲ್ಲಿತ್ತು. ಬಸ್ಸು ಹುಬ್ಬಳ್ಳಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು: “ಪ್ರೆಶರ್ ಅಂದ್ರ ಕಣ್ಣಾಗೂ ಇರ್ತೈತೇನ್ರಿ ಮೇಡಂ?”

ನನಗೂ ಗೊತ್ತಿರಲಿಲ್ಲ ಅಕ್ಕಾ ಎಂದೆ. ಅವರು ನನ್ನ ಮೊಣಕಾಲ ಮೇಲೆ ಕೈಯಿಟ್ಟರು. ಸಮಾಧಾನ ಯಾರು ಯಾರಿಗೆ ಹೇಳಬೇಕಿತ್ತು? ದಾರಿಯುದ್ದಕ್ಕೂ ಆ ಕೈ ಅಲ್ಲೇ ಇತ್ತು.

ಅವರನ್ನು ಕಾಡಿದ್ದು ಕಣ್ಣಲ್ಲ, ಅಕ್ಕ. ಪಟ್ಟಿ ಬಿಚ್ಚುವುದು ಯಾವತ್ತು ಎಂದು ಕಾಶವ್ವ ಫೋನು ಮಾಡಿದರೆ ಗೌರಕ್ಕ ಅದನ್ನು ಹಸೀನಾಬಿಯ ಕೈಗೆ ಕೊಡುತ್ತಿದ್ದರು. ಕೊನೆಗೆ ನಾವೇ ಅಬಲೂರಿಗೆ ಹೋದೆವು. ನಾನು ಹೋದದ್ದು ಅವರನ್ನು ಬಸ್ಸು ಹತ್ತಿಸಿ ಇಳಿಸಲು. ಆ ಹೊತ್ತಿಗೆ ಮೆಟ್ಟಿಲಿನ ಅಂಚು ಅವರಿಗೆ ಕಾಣುತ್ತಿರಲಿಲ್ಲ. ಕಾಶವ್ವ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಎದ್ದು ಒಳಗೆ ಹೋಗಿ ಬಂದರು. ಮತ್ತೆ ಕೂತರು.

“ನಾ ಕಾಯಿ ಅಂದೆ. ಮೊದಲ ಹೋಗಿದ್ರ ಉಳೀತಿತ್ತೇನ ಗೌರಿ?”

“ಇಲ್ಲಕ್ಕ,” ಎಂದರು ಗೌರಕ್ಕ. ಒಂದು ಕ್ಷಣವೂ ತಡೆಯಲಿಲ್ಲ. “ಹುಟ್ಟಿದಾಗಿಂದ ಇದ್ದ ರೋಗಂತ. ಯಾವಾಗ ಹೋಗಿದ್ರೂ ಇಷ್ಟ ಆಗ್ತಿತ್ತಂತ ಡಾಕ್ಟರ ಹೇಳ್ಯಾರ. ಹೌದಲ್ರೀ ಮೇಡಂ?”

ನನ್ನ ಕಡೆ ತಿರುಗಿದರು. ನಾನು ಎಲ್ಲಿ ಕೂತಿದ್ದೇನೆ ಎಂದು ಅಂದಾಜಿಲ್ಲದೆ ಅವರ ನೋಟ ನನ್ನ ಪಕ್ಕದ ಕಂಬದ ಮೇಲೆ ನಿಂತಿತ್ತು. ನಿಜವನ್ನು ಇದ್ದ ಹಾಗೆ ನೋಡುವುದನ್ನು ಕಲಿಸಲು ನನಗೆ ಸರ್ಕಾರ ಸಂಬಳ ಕೊಡುತ್ತದೆ. ನಾನು ಹೌದು ಎಂದೆ.

ಆಮೇಲೆ ಕಾಶವ್ವನ ಕಣ್ಣು ತೋರಿಸಲು ಒಪ್ಪಿಸುವುದು ಇನ್ನೊಂದು ಪಾಡಾಯಿತು. ತನ್ನದು ಪೊರೆ ತೆಗೆಸಿ ಆಗಿದೆ, ಇನ್ನು ಆ ಕಣ್ಣಿಗೆ ಏನೂ ಬಾರದು ಎಂದು ಅವರ ನಂಬಿಕೆ. ತಂಗಿಯ ಕತ್ತಲೆ ಕಣ್ಣೆದುರಿಗಿದ್ದರೂ ಆ ನಂಬಿಕೆ ಅಲುಗಲಿಲ್ಲ. ತನ್ನ ಮರುತಪಾಸಣೆಗೆ ಜೊತೆಗೆ ಬಾ, ಮೇಡಂಗೆ ಕಾಲೇಜು ಇದೆ ಎಂದು ಗೌರಕ್ಕ ಸುಳ್ಳು ಹೇಳಿ ಕರೆಸಿಕೊಂಡರು. ಹುಬ್ಬಳ್ಳಿಯ ಬಸ್ಸು ಹೊರಡುವಾಗ ನಾನೂ ಹತ್ತಿದೆ. ಕಾಶವ್ವ ಸರಿದು ಜಾಗ ಕೊಟ್ಟರು.

ಕಾಶವ್ವನ ಕಣ್ಣು ಚೆನ್ನಾಗಿದ್ದವು. ಅದನ್ನು ಕೇಳಿ ಗೌರಕ್ಕ ಎಷ್ಟೋ ತಿಂಗಳ ಮೇಲೆ ನಕ್ಕರು. ಅವರನ್ನು ಹನಿ ಹಾಕಲು ಒಳಗೆ ಕರೆದಾಗ ಕಾಶವ್ವ ವರಾಂಡದಲ್ಲಿ ಅಡ್ಡಾಡುತ್ತ ಗೋಡೆಯ ಮೇಲಿನ ಒಂದು ದೊಡ್ಡ ಭಿತ್ತಿಪತ್ರದ ಮುಂದೆ ನಿಂತರು. ಅವರಿಗೆ ಓದು ಬರುತ್ತಿತ್ತು. ತೆಗೆಸಿದ ಮೇಲೆ ಕಣ್ಣೂ ಚುರುಕಾಗಿದ್ದವು. ಬೇಗ ಬಂದರೆ ನೋಟ ಉಳಿಸಬಹುದು ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಕೂತಲ್ಲಿಂದ ಏಳಲಿಲ್ಲ. ಅವರು ಓದಿ ಮುಗಿಸಿದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಗೌರಕ್ಕ ಗೋಡೆ ಹಿಡಿದು ಹೊರಗೆ ಬಂದಾಗ ಹೋಗಿ ಅವರ ಎಡಗೈ ಹಿಡಿದರು. “ನಡಿ ಗೌರಿ, ಹಸಿವಾಗೇತಿ” ಎಂದರು. ಅವತ್ತಿನಿಂದ ಈವರೆಗೆ ಆ ಮಾತನ್ನು ಅಕ್ಕನೂ ಎತ್ತಿಲ್ಲ, ತಂಗಿಯೂ ಎತ್ತಿಲ್ಲ. ಕಾಶವ್ವ ಮಾತ್ರ ಈಗ ತಿಂಗಳಲ್ಲಿ ಬಹಳ ದಿನ ಶಿಗ್ಗಾಂವದಲ್ಲೇ ಇರುತ್ತಾರೆ. ಹೊತ್ತು ತಪ್ಪದಂತೆ ಹನಿ ಹಾಕುವವರು ಅವರೇ.

ಖಾನಾವಳಿಯನ್ನು ಈಗ ಹಸೀನಾಬಿ ನಡೆಸುತ್ತಾರೆ. ಗೌರಕ್ಕ ರೊಟ್ಟಿ ತಟ್ಟುತ್ತಾರೆ, ಅದಕ್ಕೆ ಕಣ್ಣು ಬೇಡವಂತೆ, ಬಡಿಸಲು ಹೋಗುವುದಿಲ್ಲ. ಯಾರಾದರೂ ಪಕ್ಕಕ್ಕೆ ಬಂದು ನಿಂತರೆ ಬೈಯುವುದನ್ನು ಬಿಟ್ಟಿದ್ದಾರೆ. ಆ ಬೈಗುಳ ಇಲ್ಲದ ಮನೆ ಎಷ್ಟು ಸಪ್ಪೆ ಎಂದು ಕಂಡಕ್ಟರೊಬ್ಬರು ಹೇಳಿದಾಗ ನಾವ್ಯಾರೂ ನಗಲಿಲ್ಲ.

ಈ ವರ್ಷ ವರ್ಗಾವಣೆಯ ಅವಕಾಶ ಬಂತು. ಕೊಳ್ಳೇಗಾಲದ ಕಾಲೇಜಿನಲ್ಲಿ ಜಾಗ ಖಾಲಿ ಇತ್ತು. ಅಣ್ಣ ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದ. ಗೌರಕ್ಕ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, “ನನ್ನ ಸಲುವಾಗಿ ನಿಂದರಬ್ಯಾಡ್ರಿ. ನನ್ನ ಕಣ್ಣಿನ ಭಾರ ಒಬ್ಬಾಕಿ ಹೊತ್ತಾಳ, ಅಷ್ಟ ಸಾಕು” ಎಂದರು. ಆಗ ನನಗೆ ತಿಳಿಯಿತು, ಭಿತ್ತಿಪತ್ರದ ಮುಂದೆ ಅಕ್ಕ ನಿಂತದ್ದು ಅವರಿಗೆ ಗೊತ್ತು ಎಂದು. ಅಂದು ಹೊರಗೆ ಬರುವಾಗ ಅಕ್ಕ ಅವರ ಎದುರಿಗೇ ಕಂಡಿರಬೇಕು.

ವರ್ಗಾವಣೆಯ ಕೌನ್ಸೆಲಿಂಗ್ ದಿನ ನನ್ನ ಸರದಿ ಬಂದಾಗ ಕೊಳ್ಳೇಗಾಲದ ಹೆಸರು ಪರದೆಯ ಮೇಲಿತ್ತು. ಬೇಡ ಎಂದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ನೆಮ್ಮದಿಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಮನುಷ್ಯ ಮೊದಲು ನಿರ್ಧಾರ ಮಾಡಿ ಆಮೇಲೆ ಕಾರಣ ಹುಡುಕುತ್ತಾನೆ ಎಂದು ಮಕ್ಕಳಿಗೆ ಹೇಳಿದ್ದೇನೆ. ನಾನು ಇನ್ನೂ ಹುಡುಕುತ್ತಿದ್ದೇನೆ. ಪ್ರೀತಿಯೋ, ತಪ್ಪಿತಸ್ಥ ಭಾವವೋ, ಇಷ್ಟು ವರ್ಷ ಇದ್ದಾಯಿತಲ್ಲ ಎಂಬ ಜಡತೆಯೋ. ಒಂದೊಂದು ದಿನ ಒಂದೊಂದು ನಿಜವೆನಿಸುತ್ತದೆ. ನನ್ನ ಮನಸ್ಸು ನನಗೆ ಹೇಳುವ ಕಾರಣಗಳನ್ನು ಮೊದಲಿನಷ್ಟು ಸುಲಭವಾಗಿ ನಂಬಲಾರೆ.

ಅಣ್ಣ ಮುನಿಸಿಕೊಂಡಿದ್ದಾನೆ. ದಸರೆಗೆ ಊರಿಗೆ ಹೋದಾಗ, ನಿನ್ನ ಮಾತೇ ಬದಲಾಗೋಯ್ತು ಕಣಮ್ಮ, ನೀನು ಈಗ ಆ ಕಡೆಯೋಳು ಎಂದ. ಬೀದಿಯವರು ಯಾವಾಗ ಹೊರಡುತ್ತೀಯ ಎಂದು ಕೇಳಿದರು. ಶಿಗ್ಗಾಂವಕ್ಕೆ ಬಂದರೆ ಕಿರಾಣಿ ಅಂಗಡಿಯವರು ಈಗಲೂ ನನ್ನನ್ನು ಮೈಸೂರು ಕಡೆಯ ಮೇಡಂ ಎನ್ನುತ್ತಾರೆ, ಊರಿಗೆ ಯಾವಾಗ ಹೋಗುತ್ತೀರಿ ಎಂದು ಕೇಳುತ್ತಾರೆ. ಎರಡೂ ಕಡೆ ನನ್ನನ್ನು ಕಂಡವರಿಗೆ ನಾನು ಹೊರಟು ನಿಂತವಳಾಗಿಯೇ ಕಾಣುತ್ತೇನೆ.

ಹೋದ ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ಕಾಶವ್ವ ಒಳಗೆ ಅನ್ನ ಬಸಿಯುತ್ತಿದ್ದರು. ನಾನು ಗೌರಕ್ಕನ ಎಡಪಕ್ಕದಲ್ಲಿ ತಟ್ಟೆ ಇಟ್ಟುಕೊಂಡಿದ್ದೆ. ಅಣ್ಣನ ಫೋನು ಬಂತು. ಬಹಳ ದಿನದ ಮೇಲೆ ಅವನಾಗಿಯೇ ಮಾಡಿದ್ದ. ಸದ್ದು ಕೇಳಿ ಗೌರಕ್ಕ ನನಗಾಗಿ ಅತ್ತಿತ್ತ ಮುಖ ತಿರುಗಿಸಿದರು.

“ಮುಂದ ಬಂದು ಕುಂದರ್ರಿ ಮೇಡಂ,” ಎಂದರು. “ಬಾಜೂಕ ಕುಂತ್ರ ನೀವು ಇದ್ದೀರೋ ಹೋದ್ರೋ ನನಗ ಗೊತ್ತಾಗೂದಿಲ್ಲ.”

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ನಾನು ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ತಟ್ಟೆ ಎತ್ತಿಕೊಂಡು, ಅವರ ಎದುರಿಗೆ ಬಂದು ಕುಳಿತೆ.